ಹಳೆಯ ಬೆಲ್ಟ್ ಲೇತ್: ಬಿಚ್ಚಿ, ತೊಳೆದು, ಅಳತೆಗೆ ತಂದ ಕೆಲಸದ ದಾಖಲೆ

ನಾಲ್ಕೂವರೆ ಅಡಿ ಬೆಡ್ (ಉಳಿದೆಲ್ಲ ಕೂರುವ ಉದ್ದನೆಯ ಎರಕದ ತಳ), ಮೂರು ಮೆಟ್ಟಿಲಿನ ಕೋನ್ ಪುಲ್ಲಿ, ಗನ್‌ಮೆಟಲ್ ಬುಶ್‌ಗಳ ಮೇಲೆ ತಿರುಗುವ ಸ್ಪಿಂಡಲ್ (ಕೊಯ್ಯುವ ತುಂಡನ್ನು ತಿರುಗಿಸುವ ಮುಖ್ಯ ಶಾಫ್ಟು), ಅದನ್ನು ನಿಧಾನಗೊಳಿಸುವ ಬ್ಯಾಕ್ ಗೇರ್, ಬದಲಿಸುವ ಗೇರುಗಳ ಸೆಟ್ಟು. ಬಟಾಲ, ಲೂಧಿಯಾನ, ರಾಜಕೋಟ್ ಕಡೆಯಿಂದ ಬಂದ ಈ ಮಾದರಿಯ ಲೇತ್‌ಗಳು ನಮ್ಮ ಊರುಗಳ ವೆಲ್ಡಿಂಗ್ ಶಾಪು, ಪಂಪ್‌ಸೆಟ್ ರಿಪೇರಿ ಅಂಗಡಿಗಳಲ್ಲಿ ದುಡಿದು ದಣಿದು, ಈಗ ಗುಜರಿ ತೂಕದ ಬೆಲೆಗೆ ಮನೆಯ ಶೆಡ್ಡುಗಳಿಗೆ ಬರುತ್ತಿವೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಇವುಗಳ ಗೇರ್ ಹೆಡ್ ಲೇತ್ ನಿಮ್ಮ ಬಳಿ ಇದ್ದರೆ ಹೆಡ್‌ಸ್ಟಾಕಿನ (ಸ್ಪಿಂಡಲ್ ಕೂರುವ ಎಡತುದಿಯ ಎರಕ) ಭಾಗ ಮಾತ್ರ ಬೇರೆ. ಅಲ್ಲಿ ಗೇರುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಬುಶ್ ಬದಲು ಬೇರಿಂಗ್ ಇರುತ್ತದೆ. ಬೆಡ್, ಅದರ ಮೇಲೆ ಟೂಲ್ ಹೊತ್ತು ಓಡುವ ಸ್ಯಾಡಲ್, ಬಲತುದಿಯಲ್ಲಿ ಆಸರೆ ಕೊಡುವ ಟೈಲ್‌ಸ್ಟಾಕ್, ನೆಲಕ್ಕೆ ಕೂರಿಸುವ ಕೆಲಸ ಎರಡಕ್ಕೂ ಒಂದೇ.

ಇಂಥ ಯಂತ್ರ ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ತೆಳು) ಕೊಯ್ಯುತ್ತಿದ್ದರೆ, ನಡುಗಿ ಗುರುತು ಬೀಳಿಸುತ್ತಿದ್ದರೆ, "ಬೆಡ್ ಸವೆದಿದೆ, ಗ್ರೈಂಡಿಂಗಿಗೆ ಕೊಡಬೇಕು" ಅನ್ನುವ ತೀರ್ಮಾನಕ್ಕೆ ಬೇಗ ಬಂದುಬಿಡುತ್ತಾರೆ. ಬೆಡ್ ಸವೆದಿರುವುದು ನಿಜವೇ ಇರಬಹುದು. ಆದರೆ ಗಟ್ಟಿಯಾದ ಹಳೆಯ ಗ್ರೀಸು, ಸಡಿಲವಾದ ಗಿಬ್ (ಸ್ಲೈಡಿನ ಸಂದಿ ಬಿಗಿಯುವ ಪಟ್ಟಿ), ಸವೆದ ಬುಶ್, ತಿರುಚಿಕೊಂಡು ಕೂತ ಬೆಡ್, ಈ ನಾಲ್ಕೂ ಸರಿಯಾಗುವವರೆಗೆ ಬೆಡ್ ಸವೆತದ ಅಳತೆಯನ್ನೇ ನಂಬಲಾಗದು. ಇವು ನಾಲ್ಕೂ ಮನೆಯಲ್ಲೇ ಸರಿಯಾಗುವಂಥವು.

ಕೊಳೆ ಇರುವಾಗಲೇ ಅಳತೆ

ತೊಳೆಯುವ ಮೊದಲೇ ಮೂರು ಅಳತೆ ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಎಲ್ಲಿ ಸುಧಾರಿಸಿತು, ಎಲ್ಲಿ ಕೆಟ್ಟಿತು ಎಂದು ತಿಳಿಯಲು ಬೇರೆ ದಾರಿಯಿಲ್ಲ. 0.01 ಮಿ.ಮೀ. ಡಯಲ್ ಗೇಜ್ ಮತ್ತು ಮ್ಯಾಗ್ನೆಟ್ ಸ್ಟ್ಯಾಂಡ್ ಸಾಕು.

ಮೊದಲನೆಯದು ಸ್ಪಿಂಡಲ್ ಎಷ್ಟು ಮೇಲೇಳುತ್ತದೆ ಎಂಬುದು. ಬೆಲ್ಟ್ ಕಳಚಿ, ಇಲ್ಲದಿದ್ದರೆ ಅದರ ಎಳೆತವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಸ್ಟ್ಯಾಂಡನ್ನು ಹೆಡ್‌ಸ್ಟಾಕಿನ ಎರಕದ ಮೇಲೆಯೇ ಕೂರಿಸಿ, ಡಯಲ್ ಮೊನೆಯನ್ನು ಮುಂದಿನ ಬುಶ್ಶಿಗೆ ಆದಷ್ಟು ಹತ್ತಿರ ಸ್ಪಿಂಡಲ್ ನೆತ್ತಿಗೆ ತಾಗಿಸಿ. ಸ್ಪಿಂಡಲ್ ತೂತಿಗೆ ಎರಡಡಿ ಉದ್ದದ ಗಟ್ಟಿ ಮರದ ಗೂಟ ತೂರಿಸಿ ಮೇಲೆತ್ತಿ, ಬಿಡಿ. ಸ್ಟ್ಯಾಂಡ್ ಬೆಡ್ ಮೇಲಿದ್ದರೆ ಹೆಡ್‌ಸ್ಟಾಕ್ ಮಣಿಯುವುದೂ ಬುಶ್ ಪ್ಲೇ (ಸಡಿಲು) ಹಾಗೆಯೇ ಕಾಣುತ್ತದೆ. ಈ ಯಂತ್ರದ ಮುಂದಿನ ಬುಶ್ 0.11 ಮಿ.ಮೀ., ಹಿಂದಿನದು 0.07 ಮಿ.ಮೀ. ತೋರಿಸಿತು. ಎರಡನೆಯದು ಸ್ಪಿಂಡಲ್ಲನ್ನು ಉದ್ದುದ್ದಕ್ಕೆ ತಳ್ಳಿ ಎಳೆದಾಗ ಸಿಗುವ ಪ್ಲೇ. ಅದು 0.08 ಇತ್ತು.

ಮೂರನೆಯದು ಬೆಡ್ ಸವೆತ. ದುಬಾರಿ ಸ್ಟ್ರೈಟ್ ಎಡ್ಜ್ ಬೇಕಿಲ್ಲ. ಸ್ಯಾಡಲ್ ಓಡುವ ಹಳಿ ಬೇರೆ, ಟೈಲ್‌ಸ್ಟಾಕ್ ಕೂರುವ ಹಳಿ ಬೇರೆ. ಟೈಲ್‌ಸ್ಟಾಕ್ ಚಕ್ (ಸ್ಪಿಂಡಲ್ ತುದಿಯಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಹತ್ತಿರ ಹೋಗುವುದು ಅಪರೂಪವಾದ್ದರಿಂದ ಅದರ ಹಳಿ ಆ ಭಾಗದಲ್ಲಿ ಹೊಸದರಂತೆಯೇ ಉಳಿದಿರುತ್ತದೆ. ಡಯಲ್ಲನ್ನು ಸ್ಯಾಡಲ್ ಮೇಲೆ ಕೂರಿಸಿ, ಮೊನೆಯನ್ನು ಟೈಲ್‌ಸ್ಟಾಕ್ ಹಳಿಯ ಚಪ್ಪಟೆ ಮೈಗೆ ತಾಗಿಸಿ ಇಡೀ ಉದ್ದಕ್ಕೆ ಓಡಿಸಿದರೆ ಸ್ಯಾಡಲ್ ಎಲ್ಲಿ ಎಷ್ಟು ಇಳಿದಿದೆ ಎಂಬುದು ನೇರವಾಗಿ ಸಿಗುತ್ತದೆ. ಇಲ್ಲಿ ಚಕ್ಕಿನಿಂದ ಸುಮಾರು ಒಂದಡಿಯವರೆಗೆ 0.06 ಇಳಿತ.

ಆ ಅಂಕಿ ನೋಡಿ ಗಾಬರಿಯಾಗುವ ಮೊದಲು ಲೆಕ್ಕ ಮಾಡಬೇಕು. ಸ್ಯಾಡಲ್ ಹಿಂದೆ ಮುಂದೆ ಸಮವಾಗಿ 0.06 ಇಳಿದರೆ, 40 ಮಿ.ಮೀ. ಶಾಫ್ಟಿನ ವ್ಯಾಸದಲ್ಲಿ ಬರುವ ವ್ಯತ್ಯಾಸ ಒಂದು ಮೈಕ್ರಾನಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಲೆಕ್ಕಕ್ಕೇ ಬೇಡ. ತೊಂದರೆ ಇರುವುದು ಮುಂದಿನ ವೀ ಹಳಿ ಮಾತ್ರ ಸವೆದಾಗ. ಹಳಿಗಳ ನಡುವೆ 200 ಮಿ.ಮೀ., ಸೆಂಟರ್ ಎತ್ತರ (ಹಳಿಯಿಂದ ಸ್ಪಿಂಡಲ್ ನಡುವಿನವರೆಗೆ) 150 ಎಂದಿಟ್ಟುಕೊಂಡರೆ, ಮುಂದಿನ ಹಳಿ 0.06 ಇಳಿದಾಗ ಸ್ಯಾಡಲ್ ಮುಂದಕ್ಕೆ ವಾಲಿ ಟೂಲ್ 0.045 ಹೊರಕ್ಕೆ ಸರಿಯುತ್ತದೆ, ವ್ಯಾಸ 0.09 ದಪ್ಪವಾಗುತ್ತದೆ. ಹಾಗಾಗಿ ಅಳತೆಯನ್ನು ಸ್ಯಾಡಲ್ಲಿನ ಮುಂದಿನ ತುದಿಯಲ್ಲಿ ಒಮ್ಮೆ, ಹಿಂದಿನ ತುದಿಯಲ್ಲಿ ಒಮ್ಮೆ ತೆಗೆದುಕೊಳ್ಳಿ. ಎರಡರ ನಡುವಿನ ಅಂತರವೇ ಮುಖ್ಯ.

ಚಕ್ ಬಿಚ್ಚುವುದು

ಥ್ರೆಡ್ ಇರುವ ಸ್ಪಿಂಡಲ್ಲಿನಲ್ಲಿ ವರ್ಷಗಟ್ಟಲೆ ಕೂತ ಚಕ್ ಕೈಯಿಂದ ಬರುವುದಿಲ್ಲ. ಬ್ಯಾಕ್ ಗೇರ್ ಹಾಕಿ, ಬುಲ್ ಗೇರಿನ (ಸ್ಪಿಂಡಲ್ ಮೇಲಿನ ದೊಡ್ಡ ಗೇರು) ಪಿನ್ನನ್ನೂ ಹಾಕಿ ಸ್ಪಿಂಡಲ್ ಲಾಕ್ ಮಾಡಿ ಚಕ್ಕಿಗೆ ಪೈಪ್ ಹಾಕಿ ಎಳೆಯುವುದು ಎಲ್ಲೆಡೆ ಕಾಣುವ ಪದ್ಧತಿ. ಗುಜರಿ ಲೇತ್‌ಗಳಲ್ಲಿ ಬ್ಯಾಕ್ ಗೇರಿನ ಹಲ್ಲು ಮುರಿದಿರುವುದು ಹೀಗೆಯೇ. ಬೀಡು ಕಬ್ಬಿಣದ ಹಲ್ಲು ಬಾಗುವುದಿಲ್ಲ, ನೇರ ತುಂಡಾಗುತ್ತದೆ. ಮುರಿದರೆ ಆ ಅಳತೆಯ ಗೇರ್ ಅಂಗಡಿಯಲ್ಲಿ ಸಿಗುವುದಿಲ್ಲ, ಹೊಸದಾಗಿ ಕೊಯ್ಯಿಸಬೇಕು.

ಡೀಸೆಲ್ ಮತ್ತು ಆಟೊಮ್ಯಾಟಿಕ್ ಟ್ರಾನ್ಸ್‌ಮಿಶನ್ ಎಣ್ಣೆಯನ್ನು ಸಮಸಮ ಬೆರೆಸಿ, ಚಕ್ಕಿನ ಬ್ಯಾಕ್ ಪ್ಲೇಟ್ ಸ್ಪಿಂಡಲ್ಲಿಗೆ ಕೂರುವ ಸಂದಿಗೆ ಬಿಟ್ಟು ಒಂದು ರಾತ್ರಿ ಬಿಡಿ. ಬೆಡ್ಡಿನ ಹಿಂಬದಿಯ ಹಳಿಯ ಮೇಲೆ ಗಟ್ಟಿ ಮರದ ತುಂಡಿಟ್ಟು, ಹೊರಚಾಚಿದ ಒಂದು ಜಾ (ಚಕ್ಕಿನ ದವಡೆ) ಅದಕ್ಕೆ ಬಡಿಯುವಂತೆ ಕೋನ್ ಪುಲ್ಲಿಯನ್ನು ಕೈಯಿಂದ ಹಿಮ್ಮುಖ ತಿರುಗಿಸಿ ಜಗ್ಗಿ. ಚಕ್ ಮರಕ್ಕೆ ತಾಗಿ ನಿಲ್ಲುತ್ತದೆ, ಸ್ಪಿಂಡಲ್ ತನ್ನ ವೇಗಕ್ಕೆ ಮುಂದುವರಿದು ಥ್ರೆಡ್ ಬಿಡುತ್ತದೆ. ಮೋಟರ್ ಹಾಕಿ ಮಾತ್ರ ಇದನ್ನು ಮಾಡಕೂಡದು. ಬಿಡದಿದ್ದರೆ ಚಕ್ಕಿನಲ್ಲಿ 25 ಮಿ.ಮೀ. ಹೆಕ್ಸ್ ಬಾರ್ ಬಿಗಿದು, ಕೋನ್ ಪುಲ್ಲಿಗೆ ಹಳೆಯ ಬೆಲ್ಟ್ ಸುತ್ತಿ ಇನ್ನೊಬ್ಬರು ಬಿಗಿ ಹಿಡಿದುಕೊಂಡು, ಉದ್ದ ಸ್ಪ್ಯಾನರಿಗೆ ಸುತ್ತಿಗೆಯ ಚುರುಕು ಏಟು. ನಿಧಾನದ ಒತ್ತಡಕ್ಕಿಂತ ಚಿಕ್ಕ ಏಟು ಬೇಗ ಕೆಲಸ ಮಾಡುತ್ತದೆ. ಚಕ್ ಬೀಳುವ ಜಾಗದಲ್ಲಿ ಬೆಡ್ ಮೇಲೆ ಹಲಗೆ ಇರಲೇಬೇಕು.

ಉಳಿದದ್ದು ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೊ, ಪ್ರತಿ ಭಾಗದ ಸ್ಕ್ರೂಗಳಿಗೆ ಬೇರೆ ಬೇರೆ ಡಬ್ಬ. ಬುಶ್ಶಿನ ಕ್ಯಾಪ್‌ಗಳಿಗೆ ಮುಂದೆ ಹಿಂದೆ, ಎಡ ಬಲ ಎಂದು ಪಂಚ್ ಗುರುತು ಹಾಕದೆ ಎತ್ತಬೇಡಿ. ಕ್ಯಾಪ್ ಕೂರಿಸಿಕೊಂಡೇ ಬೋರ್ ಮಾಡಿರುತ್ತಾರೆ, ಅದಲುಬದಲಾದರೆ ಬುಶ್ ಒಂದು ಬದಿಗೆ ಕಚ್ಚುತ್ತದೆ.

ತೊಳೆಯುವುದು ಮತ್ತು ತುಕ್ಕು

ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ. ಡೀಸೆಲ್ ಅಥವಾ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಅದೇ ಕೆಲಸ ಮಾಡುತ್ತದೆ. ಇಡೀ ಯಂತ್ರಕ್ಕೆ ನಾಲ್ಕರಿಂದ ಐದು ಲೀಟರ್ ಬೇಕು. ಪೆಟ್ರೋಲ್ ಬೇಡ, ಅದರ ಆವಿ ನೆಲಮಟ್ಟದಲ್ಲಿ ಹರಡಿ ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಕಂಪ್ರೆಸರ್ ಗಾಳಿಯೂ ಬೇಡ, ಸಣ್ಣ ಚಿಪ್ಸ್ (ಕೊಯ್ದ ಲೋಹದ ಚೂರು) ಎಲ್ಲಿ ಹೋಗಬಾರದೋ ಅಲ್ಲಿಗೆ, ಗಿಬ್ ಸಂದಿಗೆ, ಬುಶ್ಶಿಗೆ, ಸ್ಯಾಡಲ್ ಓಡಿಸುವ ಉದ್ದದ ಲೀಡ್ ಸ್ಕ್ರೂ ಬೇರಿಂಗಿಗೆ ಅದು ತಳ್ಳುತ್ತದೆ. ಬಣ್ಣದ ಬ್ರಷ್ಷು, ಹಳೆಯ ಹಲ್ಲುಜ್ಜುವ ಬ್ರಷ್ಷು, ಕೊನೆಗೆ ಬನಿಯನ್ ಬಟ್ಟೆ. ಕಾಟನ್ ವೇಸ್ಟಿನ ಎಳೆಗಳು ಬುಶ್ಶಿನ ಎಣ್ಣೆ ತೋಡಿಗೆ ಸಿಕ್ಕಿಕೊಳ್ಳುವುದರಿಂದ ಅದು ಹೊರಮೈಗೆ ಮಾತ್ರ.

ಬೆಡ್ ಹಳಿಗೆ ಎಮರಿ ಪೇಪರ್ ಹಾಕಬೇಡಿ. ಹೊಳಪು ಬಂತೆಂದು ಖುಷಿಯಾಗುತ್ತದೆ, ಆದರೆ ಉದುರಿದ ಎಮರಿ ಕಣ ಬೀಡು ಕಬ್ಬಿಣದ ರಂಧ್ರಗಳಲ್ಲಿ ಕೂತು ಮುಂದಿನ ವರ್ಷಗಳಲ್ಲೆಲ್ಲ ಸ್ಯಾಡಲ್ಲಿನ ಅಡಿಯನ್ನು ತೇಯುತ್ತಲೇ ಇರುತ್ತದೆ. ಗಟ್ಟಿ ಜಿಡ್ಡಿಗೆ ಟರ್ಪೆಂಟೈನ್ ಸವರಿ ಹತ್ತು ನಿಮಿಷ ಬಿಟ್ಟು, ಗಡ್ಡ ಬೋಳಿಸುವ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು ಎತ್ತಿ. ಮೇಲ್ಮೈ ತುಕ್ಕಿಗೆ ಎಣ್ಣೆ ಹಚ್ಚಿ ಹಿತ್ತಾಳೆ ಬ್ರಷ್. ಏಟು ಬಿದ್ದು ಎದ್ದ ಗಡ್ಡೆಗಳನ್ನು ಮಾತ್ರ ನುಣುಪು ಎಣ್ಣೆಕಲ್ಲಿನಿಂದ, ಕಲ್ಲನ್ನು ಚಪ್ಪಟೆಯಾಗಿ ಹಿಡಿದು ತಗ್ಗಿಸಿ. ತಗ್ಗಿಗೆ ಬಿದ್ದ ಗುರುತು ಕೆಲಸ ಕೆಡಿಸುವುದಿಲ್ಲ, ಎದ್ದ ಗಡ್ಡೆಯೇ ಕೆಡಿಸುವುದು. ಕಂದು, ಬೂದು ಕಲೆಗಳನ್ನು ಹಾಗೆಯೇ ಬಿಡಿ.

ಟೂಲ್ ಪೋಸ್ಟ್, ಹ್ಯಾಂಡಲ್, ಬೋಲ್ಟು, ಗೇರುಗಳ ಆಳದ ತುಕ್ಕಿಗೆ ಎಲೆಕ್ಟ್ರೊಲಿಸಿಸ್ ಚೆನ್ನಾಗಿ ಒಪ್ಪುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರ್ ನೀರಿಗೆ 15ರಿಂದ 20 ಗ್ರಾಂ ವಾಷಿಂಗ್ ಸೋಡಾ. ಉಪ್ಪು ಹಾಕಬೇಡಿ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ಬೇಡದ ಕಬ್ಬಿಣದ ತಗಡಿಗೆ. ಎರಡೂ ಒಂದನ್ನೊಂದು ಮುಟ್ಟಬಾರದು. ತಗಡು ಸ್ಟೇನ್‌ಲೆಸ್ ಆಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. 2ರಿಂದ 4 ಆಂಪಿಯರ್ ಎಳೆಯುತ್ತಿದ್ದರೆ ಐದಾರು ಗಂಟೆಯಲ್ಲಿ ತುಕ್ಕು ಕಪ್ಪು ಮಸಿಯಾಗಿ ಬ್ರಷ್ಷಿಗೆ ಬಿಡುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಿ, ತಂತಿ ತೆಗೆಯುವ ಮೊದಲು ಚಾರ್ಜರ್ ಆಫ್ ಮಾಡಿ. ಸ್ಪ್ರಿಂಗ್, ಹದಗೊಳಿಸಿದ ಸಣ್ಣ ಪಿನ್ನು ಇದಕ್ಕೆ ಹಾಕಬಾರದು, ಹೈಡ್ರೋಜನ್ ಹೀರಿ ಪೆಡಸಾಗುತ್ತವೆ. ಹೊರತೆಗೆದ ಕೂಡಲೇ ಬಿಸಿನೀರಲ್ಲಿ ತೊಳೆದು ಒರೆಸಿ, ಬಿಸಿ ಆರುವ ಮೊದಲೇ ಎಣ್ಣೆ ಸವರದಿದ್ದರೆ ಕಣ್ಣೆದುರೇ ಹೊಸ ತುಕ್ಕು ಹಿಡಿಯುತ್ತದೆ.

ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು. ಒದ್ದೆ ಮಾಡಿಕೊಂಡೇ ಕೆರೆಯಿರಿ.

ಹೆಡ್‌ಸ್ಟಾಕ್

ಕೋನ್ ಪುಲ್ಲಿಯ ಮೆಟ್ಟಿಲೊಂದರಲ್ಲಿ ಬೆಲ್ಟ್ ಓಡುವ ಮೈಯಲ್ಲೇ ಒಂದು ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಇರುತ್ತದೆ. ಜಿಡ್ಡು ತುಂಬಿ ಅದು ಕಾಣುವುದೇ ಇಲ್ಲ, ಉಗುರಿನಿಂದ ಕೆರೆದರೆ ಸೀಳು ಸಿಗುತ್ತದೆ. ಪುಲ್ಲಿಯನ್ನು ಶಾಫ್ಟಿಗೆ ಬಿಗಿಯುವ ಸ್ಕ್ರೂ ಎಂದು ಭಾವಿಸಿ ಇನ್ನಷ್ಟು ಬಿಗಿಯುವವರೂ ಇದ್ದಾರೆ. ಅದು ಎಣ್ಣೆ ತೂತಿನ ಮುಚ್ಚಳ. ನೇರ ಓಟದಲ್ಲಿ ಪುಲ್ಲಿ ಬುಲ್ ಗೇರಿಗೆ ಪಿನ್ನಿನಿಂದ ಸೇರಿ ಸ್ಪಿಂಡಲ್ ಜೊತೆಗೇ ತಿರುಗುತ್ತದೆ, ಎಣ್ಣೆಯ ಅಗತ್ಯ ತೋರುವುದಿಲ್ಲ. ಬ್ಯಾಕ್ ಗೇರ್ ಹಾಕಿದಾಗ ಸ್ಪಿಂಡಲ್ ನಿಧಾನವಾಗುತ್ತದೆ, ಪುಲ್ಲಿ ಅದರ ಮೇಲೆ ಬೇರೆಯಾಗಿ, ಹಲವು ಪಟ್ಟು ವೇಗದಲ್ಲಿ ತಿರುಗುತ್ತದೆ. ಒಣಗಿದ್ದರೆ ಅಲ್ಲೇ ಕಚ್ಚಿಕೊಂಡು ಸ್ಪಿಂಡಲ್ ಗೀರುಬೀಳುತ್ತದೆ. ಇಲ್ಲಿ ಸ್ಕ್ರೂ ತೆಗೆದಾಗ ತೂತಿನ ತುಂಬ ಮೇಣದಂತೆ ಗಟ್ಟಿಯಾದ ಕಂದು ಗ್ರೀಸು. 3 ಮಿ.ಮೀ. ಡ್ರಿಲ್ ಬಿಟ್ಟನ್ನು ಬೆರಳಲ್ಲಿ ತಿರುಗಿಸಿ ಅದನ್ನು ತೆಗೆದು, ಟರ್ಪೆಂಟೈನ್ ಬಿಟ್ಟು ಪುಲ್ಲಿಯನ್ನು ಹಿಂದೆ ಮುಂದೆ ಆಡಿಸಿ, ಕಪ್ಪು ನೀರು ನಿಂತು ತಿಳಿಯಾದ ಮೇಲೆ ಎಣ್ಣೆ. ಬ್ಯಾಕ್ ಗೇರ್ ಬಳಸುವ ಪ್ರತಿ ದಿನ ಇಲ್ಲಿ ನಾಲ್ಕು ಹನಿ ಬೇಕು.

ಈಗ ಬುಶ್. ಎರಡು ಹೋಳಿನ ಗನ್‌ಮೆಟಲ್ ಬುಶ್, ಮೇಲೆ ಬೀಡು ಕ್ಯಾಪ್, ಕ್ಯಾಪಿಗೂ ಎರಕಕ್ಕೂ ನಡುವೆ ಎರಡೂ ಬದಿಗೆ ಶಿಮ್ (ತೆಳು ಲೋಹದ ಹಾಳೆ). ಸಾದಾ ಬುಶ್ಶಿನಲ್ಲಿ ಎಣ್ಣೆಯ ಪದರಕ್ಕೆ ವ್ಯಾಸದ ಸಾವಿರದ ಒಂದು ಭಾಗದಷ್ಟು ಜಾಗ ಬೇಕೆಂಬುದು ಹಳೆಯ ಲೆಕ್ಕ. 45 ಮಿ.ಮೀ. ಸ್ಪಿಂಡಲ್ಲಿಗೆ ಅದು 0.045. ಮನೆಯ ಲೇತ್‌ಗೆ 0.03ರಿಂದ 0.04 ಒಳ್ಳೆಯ ಗುರಿ. 0.02ಕ್ಕಿಂತ ಇಳಿಸಿದರೆ ಎಣ್ಣೆ ಪದರ ನಿಲ್ಲದೆ ಬಿಸಿಯಾಗಿ ಕಚ್ಚುತ್ತದೆ.

ಶಿಮ್ಮಿನಿಂದ ಎಷ್ಟು ದಪ್ಪ ತೆಗೆದರೂ ಎತ್ತುವ ಅಳತೆ ಅಷ್ಟೇ ಇಳಿಯುತ್ತದೆ. ಮುಂದಿನ ಬುಶ್ಶಿನ 0.11ನ್ನು 0.04ಕ್ಕೆ ತರಲು ಎರಡೂ ಬದಿಯಿಂದ 0.07 ಹೋಗಬೇಕು. ಒಮ್ಮೆಗೇ ತೆಗೆಯಬೇಡಿ. ಮೊದಲು ಎರಡೂ ಬದಿಯಿಂದ 0.05, ಕ್ಯಾಪ್ ಬಿಗಿದು ಅಳತೆ, ಸ್ಪಿಂಡಲ್ ಕೈಯಲ್ಲಿ ಸುತ್ತುತ್ತದೆಯೇ ಎಂದು ನೋಡುವುದು, ಆಮೇಲೆ ಉಳಿದ 0.02. ಒಂದೇ ಬದಿಯಿಂದ ತೆಗೆದರೆ ಕ್ಯಾಪ್ ವಾಲಿ ಬುಶ್ಶಿನ ಒಂದು ಅಂಚು ಮಾತ್ರ ಹೊರೆ ಹೊರುತ್ತದೆ. ಶಿಮ್ ಇಲ್ಲದೆಯೇ ಕ್ಯಾಪ್ ಬೋಲ್ಟನ್ನು ಅರ್ಧಂಬರ್ಧ ಬಿಗಿದು ಪ್ಲೇ ಸರಿಮಾಡುವ ರೂಢಿಯೂ ತಪ್ಪು. ನಡುಕಕ್ಕೆ ಬೋಲ್ಟು ಸಡಿಲವಾಗುತ್ತದೆ, ಕ್ಯಾಪ್ ಎಲ್ಲಿ ನಿಂತಿದೆ ಎಂಬುದು ದಿನದಿನಕ್ಕೆ ಬದಲಾಗುತ್ತದೆ. ಬೋಲ್ಟು ಪೂರ್ತಿ ಬಿಗಿಯಾಗಿರಬೇಕು, ಅಳತೆ ಶಿಮ್ಮಿನಲ್ಲಿರಬೇಕು. ಉದ್ದುದ್ದದ ಪ್ಲೇಯನ್ನು ಹಿಂದಿನ ತುದಿಯ ರಿಂಗ್ ನಟ್ ಬಿಗಿದು 0.01ರಿಂದ 0.02ಕ್ಕೆ ತಂದು, ಎರಡನೆಯ ನಟ್ಟಿನಿಂದ ಲಾಕ್ ಮಾಡಿ, ಲಾಕ್ ಮಾಡಿದ ಮೇಲೆ ಮತ್ತೆ ಅಳೆಯಿರಿ. ಲಾಕ್ ಬಿಗಿಯುವಾಗಲೇ ಅಳತೆ ಜಾರುವುದು ಮಾಮೂಲು.

ಶಿಮ್ ತೆಗೆದ ಮೇಲೆ ಬುಶ್ ಪೂರ್ತಿ ಗುಂಡಗೆ ಉಳಿಯುವುದಿಲ್ಲ. ಸ್ಪಿಂಡಲ್ಲಿಗೆ ಪ್ರಶ್ಯನ್ ಬ್ಲೂ (ಗುರುತಿನ ನೀಲಿ ಬಣ್ಣ) ತೆಳ್ಳಗೆ ಸವರಿ ಕೂರಿಸಿ ಒಂದು ಸುತ್ತು ಹಾಕಿ ಎತ್ತಿದರೆ ಎಲ್ಲಿ ತಾಗುತ್ತಿದೆ ತಿಳಿಯುತ್ತದೆ. ಕೆಳಗಿನ ಹೋಳಿನ ತಳದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ನೀಲಿಯಾಗಿದ್ದರೆ ಬಿಡಿ. ಎರಡು ಅಂಚುಗಳಲ್ಲಿ ಮಾತ್ರ ಗೆರೆ ಬಂದಿದ್ದರೆ ಅರ್ಧಚಂದ್ರ ಸ್ಕ್ರೇಪರಿನಿಂದ ಆ ಗೆರೆಗಳನ್ನಷ್ಟೇ ತೆಳುವಾಗಿ ಕೆರೆಯಬೇಕು. ಕೆಳಹೋಳಿನ ತಳದಲ್ಲಿ ಕೆರೆದರೆ ಸ್ಪಿಂಡಲ್ಲೇ ಕೆಳಗಿಳಿದು ಟೈಲ್‌ಸ್ಟಾಕ್ ಸಾಲಿನಿಂದ ತಪ್ಪುತ್ತದೆ.

ಎಣ್ಣೆ ಬಟ್ಟಲಲ್ಲಿ ಉಣ್ಣೆಯ ಬತ್ತಿ ಇದ್ದರೆ ಬದಲಿಸಿ. ಬತ್ತಿ ಎಣ್ಣೆಯನ್ನು ಹೀರಿ ಬುಶ್ಶಿಗೆ ಇಳಿಸುವುದೂ, ಕೊಳೆಯನ್ನು ಬಟ್ಟಲಲ್ಲೇ ತಡೆಯುವುದೂ ಅದರ ಕೆಲಸ. ಅಪ್ಪಟ ಉಣ್ಣೆ ದಾರವೇ ಬೇಕು, ಅಕ್ರಿಲಿಕ್ ದಾರದಲ್ಲಿ ಎಣ್ಣೆ ಸರಿಯಾಗಿ ಏರುವುದಿಲ್ಲ.

ಜೋಡಿಸಿದ ಮೇಲೆ ಅತಿ ಕಡಿಮೆ ವೇಗದಲ್ಲಿ ಹತ್ತು ನಿಮಿಷ, ಮಧ್ಯದ ವೇಗದಲ್ಲಿ ಇಪ್ಪತ್ತು ನಿಮಿಷ ಖಾಲಿ ಓಡಿಸಿ. ಕ್ಯಾಪಿನ ಮೇಲೆ ಅಂಗೈ ಇಟ್ಟು ಆರಾಮಾಗಿ ನಿಲ್ಲಿಸಲಾಗಬೇಕು. ಕೈ ಹಿಂದೆಗೆಯುವಷ್ಟು ಬಿಸಿಯಾದರೆ ನಿಲ್ಲಿಸಿ ಎರಡೂ ಬದಿಗೆ 0.01 ಶಿಮ್ ಮರಳಿ ಹಾಕಿ.

ಸ್ಯಾಡಲ್, ಗಿಬ್, ಸ್ಕ್ರೂ

ಸ್ಯಾಡಲ್ಲಿನ ನಾಲ್ಕೂ ಮೂಲೆಯ ಫೆಲ್ಟ್ ತುಂಡುಗಳನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಹಳೆಯ ಫೆಲ್ಟನ್ನು ತೆಗೆದು ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿ: ಉದುರುವ ಬೀಡು ಪುಡಿ, ಸ್ಟೀಲ್ ಚೂರುಗಳನ್ನು ಅದು ಪ್ರತಿ ಓಟಕ್ಕೂ ಹಳಿಯ ಮೇಲೆ ಉಜ್ಜುತ್ತಿತ್ತು. 5 ಮಿ.ಮೀ. ದಪ್ಪದ ಹೊಸ ಫೆಲ್ಟನ್ನು ವೀ ಆಕಾರಕ್ಕೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಹಾಕಿ.

ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಗಿಬ್ ಪಟ್ಟಿಯನ್ನು ಹೊರತೆಗೆದು ಗಾಜಿನ ಮೇಲಿಟ್ಟು ಬಾಗಿದೆಯೇ ನೋಡಿ. ಸ್ಕ್ರೂ ಮೊನೆ ಒತ್ತಿದ ಕಡೆ ಕುಳಿಯ ಅಂಚು ಎದ್ದಿದ್ದರೆ ಎಣ್ಣೆಕಲ್ಲಿನಿಂದ ತಗ್ಗಿಸಿ. ಬಿಗಿಯುವಾಗ ಲಾಕ್ ನಟ್‌ಗಳನ್ನೆಲ್ಲ ಸಡಿಲಿಸಿ, ನಡುವಿನ ಸ್ಕ್ರೂನಿಂದ ಶುರುಮಾಡಿ ಎರಡೂ ತುದಿಗೆ. ಪ್ರತಿ ಸ್ಕ್ರೂ ಬಿಗಿದಾಗಲೂ ಸ್ಲೈಡನ್ನು ಪೂರ್ತಿ ಓಡಿಸಿ ನೋಡಬೇಕು. ಸ್ಲೈಡ್ ಹೆಚ್ಚು ಓಡಾಡುವುದು ನಡುಭಾಗದಲ್ಲಾದ್ದರಿಂದ ಸವೆತವೂ ಅಲ್ಲೇ. ನಡುವೆ ಬಿಗಿಯಾಗುವಂತೆ ಕೂರಿಸಿದರೆ ತುದಿಗಳಲ್ಲಿ ಸ್ಲೈಡ್ ಓಡುವುದೇ ಇಲ್ಲ. ತುದಿಯಲ್ಲಿ ಭಾರವಾಗಿಯಾದರೂ ಓಡಬೇಕು, ನಡುವೆ ಅಡ್ಡ ಪ್ಲೇ 0.02 ಮೀರಬಾರದು. ಎರಡೂ ಒಟ್ಟಿಗೆ ಸಿಗದಿದ್ದರೆ ಆ ಸ್ಲೈಡಿಗೆ ಸ್ಕ್ರೇಪಿಂಗ್ ಬೇಕು ಎಂದರ್ಥ. ಸ್ಯಾಡಲ್ ಹಿಂಬದಿಯ ಅಡಿಪಟ್ಟಿಗೂ ಬೆಡ್ಡಿಗೂ ನಡುವೆ 0.03 ಫೀಲರ್ (ಸಂದಿ ಅಳೆಯುವ ತೆಳು ಪಟ್ಟಿ) ಹೋಗಬಾರದು. ಅದು ಸಡಿಲವಾಗಿದ್ದರೆ ತುಂಡರಿಸುವ ಪಾರ್ಟಿಂಗ್ ಟೂಲ್ ಹಾಕಿದಾಗ ಸ್ಯಾಡಲ್ ಎದ್ದು ಟೂಲ್ ಮುರಿಯುತ್ತದೆ.

ಕ್ರಾಸ್ ಸ್ಲೈಡ್ ಸ್ಕ್ರೂವಿನ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸಿದಾಗ ಸ್ಕ್ರೂ ಖಾಲಿ ತಿರುಗುವುದು) ಬಗ್ಗೆ ಅತಿಯಾದ ಚಿಂತೆ ಬೇಡ. ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬಂದರೆ 0.3 ಮಿ.ಮೀ. ಬ್ಯಾಕ್‌ಲ್ಯಾಶ್ ವ್ಯಾಸವನ್ನು ಕೆಡಿಸುವುದಿಲ್ಲ. ಕಾಲು ಸುತ್ತು ಮೀರಿ ಖಾಲಿ ತಿರುಗುತ್ತಿದ್ದರೆ ಮಾತ್ರ ಗನ್‌ಮೆಟಲ್ ನಟ್ ಹೊಸದು ಮಾಡಿಸಿ. ನಟ್ ಬದಲಿಸಿದರೂ ನಡುವೆ ಸಡಿಲ, ತುದಿಯಲ್ಲಿ ಬಿಗಿ ಅನ್ನಿಸಿದರೆ ಸವೆದಿರುವುದು ಸ್ಕ್ರೂ.

ಆಪ್ರನ್ (ಸ್ಯಾಡಲ್ ಮುಂದೆ ಇಳಿಬಿದ್ದ ಗೇರ್ ಪೆಟ್ಟಿಗೆ) ಒಳಗೆ ಗ್ರೀಸ್ ಇದ್ದರೆ ಪೂರ್ತಿ ತೆಗೆದು ಎಣ್ಣೆಗೆ ಬದಲಿಸಿ. ಬೆಡ್ ಅಡಿಯ ರ್‍ಯಾಕ್ ಹಲ್ಲುಗಳ ಬುಡದಲ್ಲಿ ಒತ್ತಿ ಕೂತ ಚಿಪ್ಸ್ ಕೆರೆದು ತೆಗೆಯಿರಿ, ಹ್ಯಾಂಡ್‌ವೀಲ್ ತಿರುಗಿಸುವಾಗ ಲಯವಾಗಿ ಜಗ್ಗುವುದಕ್ಕೆ ಕಾರಣ ಅದೇ. ಬದಲಿಸುವ ಗೇರುಗಳನ್ನು ಜೋಡಿಸುವಾಗ ಎರಡರ ಹಲ್ಲುಗಳ ನಡುವೆ ನೋಟ್‌ಬುಕ್ಕಿನ ಹಾಳೆ ಇಟ್ಟು ಒತ್ತಿ ಬಿಗಿದು, ಹಾಳೆ ಎಳೆದು ತೆಗೆದರೆ ಬೇಕಾದಷ್ಟೇ ಸಂದಿ ಉಳಿಯುತ್ತದೆ.

ಮೂರು ಜಾ ಚಕ್ಕನ್ನು ಬಿಚ್ಚಿ ಸ್ಕ್ರೋಲ್ (ಜಾಗಳನ್ನು ಸರಿಸುವ ಸುರುಳಿ ತಟ್ಟೆ) ತೊಳೆದ ಮೇಲೆ ತೆಳು ಎಣ್ಣೆ ಸಾಕು, ಗ್ರೀಸಿಗೆ ಚಿಪ್ಸ್ ಅಂಟುತ್ತದೆ. ಜಾಗಳಿಗೂ ಅವು ಕೂರುವ ತೋಡುಗಳಿಗೂ 1, 2, 3 ಎಂದು ಅಂಕಿ ಇರುತ್ತದೆ. ಸ್ಕ್ರೋಲಿನ ಮೊನೆ 1ನೇ ತೋಡಿನಲ್ಲಿ ಕಾಣಿಸಿಕೊಂಡು ಇನ್ನೇನು ದಾಟಬೇಕು ಅನ್ನುವಾಗ 1ನೇ ಜಾ, ಹಾಗೆಯೇ ಉಳಿದೆರಡು. ಮೂರೂ ನಡುವೆ ಒಟ್ಟಿಗೆ ಕೂಡದಿದ್ದರೆ ಕ್ರಮ ತಪ್ಪಿದೆ.

ಟೈಲ್‌ಸ್ಟಾಕಿನಲ್ಲಿ ಕೆಲಸ ಕಡಿಮೆ. ಟೇಪರ್ ತೂತನ್ನು ಬಟ್ಟೆ ಸುತ್ತಿದ ಮರದ ಕಡ್ಡಿಯಿಂದ ಒರೆಸಿ, ಅಡಿಯ ಹಲಗೆಯನ್ನು ತೊಳೆದು ಕೂರಿಸಿ. ಎರಡು ಸೆಂಟರ್ (ಮೊನಚು ಆಸರೆ) ನಡುವೆ 300 ಮಿ.ಮೀ. ಟೆಸ್ಟ್ ಬಾರ್ ಹಾಕಿ ಸ್ಯಾಡಲ್ ಮೇಲಿನ ಡಯಲ್ ಓಡಿಸಿದರೆ ಅಡ್ಡ ಸಾಲು ತಪ್ಪಿದ್ದು ಕಾಣುತ್ತದೆ, ಟೈಲ್‌ಸ್ಟಾಕನ್ನು ಅಡ್ಡಕ್ಕೆ ಸರಿಸುವ ಸೆಟ್ ಓವರ್ ಸ್ಕ್ರೂಗಳಿಂದ ಸರಿಮಾಡಿ. ನೆತ್ತಿಯ ಮೇಲೆ ಓಡಿಸಿದಾಗ ಟೈಲ್‌ಸ್ಟಾಕ್ ತಗ್ಗಾಗಿ ಕಂಡರೆ ಎರಡು ಎರಕಗಳ ನಡುವೆ ಶಿಮ್. 0.01ರಿಂದ 0.02 ಎತ್ತರವಿದ್ದರೆ ಒಳ್ಳೆಯದೇ, ಮುಂದೆ ಸವೆದು ಸಮವಾಗುತ್ತದೆ.

ನೆಲಕ್ಕೆ ಕೂರಿಸುವುದು

ಅಳತೆಯ ದೃಷ್ಟಿಯಿಂದ ಅತಿ ಹೆಚ್ಚು ಫಲ ಕೊಡುವುದು ಈ ಹಂತ, ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ. ಲೇತ್ ಬೆಡ್ ಎಷ್ಟು ದಪ್ಪವಾಗಿ ಕಂಡರೂ ಒಂದು ಕಾಲಿನಡಿ ಕಾಗದದಷ್ಟು ಸಂದಿ ಇಟ್ಟು ಬೋಲ್ಟು ಬಿಗಿದರೆ ಅದು ತಿರುಚಿಕೊಳ್ಳುತ್ತದೆ. ರಬ್ಬರ್ ಪ್ಯಾಡ್ ಬೇಡ. ಕನಿಷ್ಠ 100 ಮಿ.ಮೀ. ಕಾಂಕ್ರೀಟ್, ಅದಕ್ಕೆ ಆಂಕರ್ ಬೋಲ್ಟು, ಕಾಲಿನಡಿ ಸ್ಟೀಲ್ ಅಥವಾ ಹಿತ್ತಾಳೆ ಶಿಮ್.

ಮೀಟರಿಗೆ 0.02 ಮಿ.ಮೀ. ತೋರಿಸುವ ಪ್ರಿಸಿಷನ್ ಲೆವೆಲ್ ಬಾಡಿಗೆಗೋ ಎರವಲೋ ಸಿಕ್ಕರೆ ಹಳಿಗಳ ಅಡ್ಡಕ್ಕೆ ಮೊದಲು ಹೆಡ್‌ಸ್ಟಾಕ್ ಪಕ್ಕ, ಆಮೇಲೆ ಟೈಲ್‌ಸ್ಟಾಕ್ ತುದಿಯಲ್ಲಿ ಇಟ್ಟು ಎರಡೂ ಕಡೆ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲುವಂತೆ ಮಾಡಿ. ಯಂತ್ರ ಪೂರ್ತಿ ಮಟ್ಟಸವಾಗಿರಬೇಕೆಂದಿಲ್ಲ, ಎರಡೂ ತುದಿ ಒಂದೇ ಥರ ಇರಬೇಕು.

ಲೆವೆಲ್ ಇಲ್ಲದಿದ್ದರೂ, ಇದ್ದರೂ, ಕೊನೆಯ ತೀರ್ಪು ಎರಡು ಕಾಲರ್ ಪರೀಕ್ಷೆಯದು. 40 ಮಿ.ಮೀ. ಸ್ಟೀಲ್ ಬಾರನ್ನು ಚಕ್ಕಿನಿಂದ 180 ಮಿ.ಮೀ. ಹೊರಚಾಚಿ ಹಿಡಿಯಿರಿ, ಟೈಲ್‌ಸ್ಟಾಕ್ ಆಸರೆ ಬೇಡ. ಚಕ್ ಹತ್ತಿರ ಒಂದು, ತುದಿಯಲ್ಲಿ ಒಂದು, 20 ಮಿ.ಮೀ. ಅಗಲದ ಎರಡು ಕಾಲರ್ ಬಿಟ್ಟು ನಡುವೆ ಎರಡು ಮಿ.ಮೀ. ತಗ್ಗಿಸಿ. ಹರಿತ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಿಂದ, ಕ್ರಾಸ್ ಸ್ಲೈಡ್ ಮುಟ್ಟದೆ, ಎರಡೂ ಕಾಲರಿಗೆ 0.1 ಆಳದ ಒಂದೇ ಓಟ. ಮೈಕ್ರೋಮೀಟರಿನಲ್ಲಿ ತುದಿಯ ಕಾಲರ್ ದಪ್ಪ ಬಂದರೆ ಟೈಲ್‌ಸ್ಟಾಕ್ ತುದಿಯ ಮುಂದಿನ ಕಾಲಿನಡಿ, ಅಂದರೆ ನಾವು ನಿಲ್ಲುವ ಬದಿಗೆ, ಶಿಮ್ ಏರಿಸಿ. ತೆಳ್ಳಗೆ ಬಂದರೆ ಅದೇ ತುದಿಯ ಹಿಂದಿನ ಕಾಲಿನಡಿ. ಮುಂದಿನ ಕಾಲು ಎತ್ತಿದಾಗ ಬೆಡ್ಡಿನ ಆ ತುದಿ ಹಿಂದಕ್ಕೆ ವಾಲಿ ಟೂಲ್ ಬಾರಿನ ಕಡೆಗೆ ಸರಿಯುವುದೇ ಕಾರಣ. ಬೋಲ್ಟು ಬಿಗಿದ ಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ಕೊಯ್ದು ನೋಡಿ. 150 ಮಿ.ಮೀ. ದೂರಕ್ಕೆ ವ್ಯಾಸದಲ್ಲಿ 0.02 ಒಳಗೆ ಬಂದರೆ ಈ ವರ್ಗದ ಯಂತ್ರಕ್ಕೆ ಅದು ತುಂಬ ಒಳ್ಳೆಯದು. ಚಕ್ ಪಕ್ಕದ ಕಾಲರೇ ಯಾವ ಶಿಮ್ಮಿಗೂ ಬಗ್ಗದೆ ದಪ್ಪ ಬರುತ್ತಿದ್ದರೆ, ಆಗ ಮೊದಲ ದಿನ ಬರೆದಿಟ್ಟ ಬೆಡ್ ಸವೆತದ ಅಂಕಿಯನ್ನು ತೆಗೆದು ನೋಡಬೇಕು.

ಮೋಟರ್ ಒಂದು ಎಚ್‌ಪಿ, 1440 ಆರ್‌ಪಿಎಂ ಸಾಕು. ಬರೀ ಸ್ವಿಚ್ ಹಾಕಿ ಓಡಿಸಬೇಡಿ, ಕರೆಂಟ್ ಹೋದೊಡನೆ ಕಳಚಿಕೊಳ್ಳುವ ನೋ ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಬೇಕೇ ಬೇಕು. ಕರೆಂಟ್ ಹೋದಾಗ ಚಕ್ ಕೀ ಹಾಕಿ ಹಿಡಿದ ತುಂಡನ್ನು ಬಿಚ್ಚುತ್ತಿರುವ ಹೊತ್ತಿಗೇ ಕರೆಂಟ್ ಬಂದರೆ ಆಗುವ ಅನಾಹುತವನ್ನು ಅದೊಂದೇ ತಪ್ಪಿಸುವುದು. ಓವರ್‌ಲೋಡ್ ರಿಲೇಯನ್ನು ಮೋಟರಿನ ಪ್ಲೇಟಿನಲ್ಲಿರುವ ಆಂಪಿಯರಿಗೆ ಹೊಂದಿಸಿ, ಬೆಡ್ಡಿಗೆ ಪ್ರತ್ಯೇಕ ಅರ್ತ್ ಕೊಡಿ.

ಎಣ್ಣೆ ಮತ್ತು ಮಳೆಗಾಲ

ಬುಶ್ಶಿಗೆ 68 ಗ್ರೇಡಿನ ಹೈಡ್ರಾಲಿಕ್ ಎಣ್ಣೆ, ಸರ್ವೋ ಸಿಸ್ಟಮ್ 68 ಥರದ್ದು. ಹಳಿಗೆ ವ್ಯಾಕ್ಟ್ರಾ ನಂಬರ್ 2ರಂಥ ಸ್ಲೈಡ್‌ವೇ ಎಣ್ಣೆ, ಅದು ಹಳಿಗೆ ಅಂಟಿ ನಿಲ್ಲುತ್ತದೆ, ಸ್ಯಾಡಲ್ ತಡೆದು ತಡೆದು ಜಿಗಿಯುವುದಿಲ್ಲ. ಲೀಟರ್ ಲೆಕ್ಕದಲ್ಲಿ ಸಿಗದಿದ್ದರೆ ಹಳಿಗೂ 68 ಹೈಡ್ರಾಲಿಕ್ಕೇ ಆದೀತು. ಬೈಕಿನ ಎಂಜಿನ್ ಎಣ್ಣೆ ಬೇಡ. ಅದರಲ್ಲಿರುವ ಡಿಟರ್ಜೆಂಟ್ ಕೊಳೆಯನ್ನು ತೇಲಿಸಿ ಫಿಲ್ಟರಿಗೆ ಒಯ್ಯಲೆಂದು ಇರುವುದು, ಲೇತ್‌ನಲ್ಲಿ ಫಿಲ್ಟರೇ ಇಲ್ಲ. ಬಳಸಿ ತೆಗೆದ ಎಂಜಿನ್ ಎಣ್ಣೆಯಲ್ಲಿ ಮಸಿಯೂ ಆಮ್ಲವೂ ಇರುತ್ತದೆ. 90 ನಂಬರಿನ ಗೇರ್ ಎಣ್ಣೆಯ ಗಂಧಕದ ಅಂಶ ಗನ್‌ಮೆಟಲ್ಲಿಗೆ ಒಳ್ಳೆಯದಲ್ಲ. ಕೊಬ್ಬರಿ ಎಣ್ಣೆ ಗಾಳಿಗೆ ಹಳಸಿ ಅಂಟಾಗುತ್ತದೆ. ಕೆಲಸ ಶುರುವಿಗೆ ಮೊದಲು ಬುಶ್ ಬಟ್ಟಲು ತುಂಬಿಸುವುದು, ಹಳಿ ಒರೆಸಿ ಹೊಸ ಎಣ್ಣೆ ಹಚ್ಚುವುದು, ಲೀಡ್ ಸ್ಕ್ರೂಗೆ ಬ್ರಷ್ಷಿನಲ್ಲಿ ಎಣ್ಣೆ, ಐದು ನಿಮಿಷದ ಕೆಲಸ.

ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಂತ್ರದ ಮೇಲೆ ನೇರ ಮಳೆ ಬೀಳಬೇಕೆಂದೇನಿಲ್ಲ. ರಾತ್ರಿ ತಣ್ಣಗಾದ ಬೀಡು ಕಬ್ಬಿಣಕ್ಕೆ ಬೆಳಗಿನ ಬಿಸಿ, ಒದ್ದೆ ಗಾಳಿ ತಾಗಿ ಹನಿಗಟ್ಟುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ನೆಲದಿಂದೇಳುವ ತೇವ ಒಳಗೇ ಉಳಿದು ಇನ್ನೂ ಕೆಡುತ್ತದೆ. ದಪ್ಪ ಹತ್ತಿ ಬಟ್ಟೆ ಹೊದಿಸಿ, ಒಳಗೆ ಬೆಡ್ಡಿನ ಅಡಿ ಬಟ್ಟೆಗೆ ತಾಗದಂತೆ ತಂತಿ ಜಾಲರಿಯೊಳಗೆ 15 ವ್ಯಾಟಿನ ತಂತಿ ಬಲ್ಬ್ ಹಚ್ಚಿಡಿ, ಕಬ್ಬಿಣ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಹನಿಗಟ್ಟುವುದಿಲ್ಲ. ಎಲ್‌ಇಡಿ ಬಲ್ಬಿನಿಂದ ಅಷ್ಟು ಬಿಸಿ ಬರುವುದಿಲ್ಲ. ತಿಂಗಳುಗಟ್ಟಲೆ ಬಳಸದಿದ್ದರೆ ಹಳಿಗೆ ತೆಳುವಾಗಿ ಗ್ರೀಸ್ ಸವರಿ. ಹಳೆಯ ಪೇಪರ್ ಹಾಸಬೇಡಿ, ಅದು ತೇವ ಹೀರಿ ಹಳಿಗೆ ಹಿಡಿಸುತ್ತದೆ. ಮತ್ತೆ ಓಡಿಸುವ ಮೊದಲು ಆ ಗ್ರೀಸನ್ನು ಟರ್ಪೆಂಟೈನಿನಲ್ಲಿ ಪೂರ್ತಿ ತೆಗೆಯಬೇಕು.

ಬೀಡು ಕಬ್ಬಿಣ ಕೊಯ್ಯುವಾಗಲೂ, ಶಾಫ್ಟಿಗೆ ಎಮರಿ ಪಟ್ಟಿ ಹಾಕುವಾಗಲೂ ಮೊದಲು ಹಳಿಯ ಎಣ್ಣೆ ಒರೆಸಿ, ಚಕ್ ಕೆಳಗಿನ ಬೆಡ್ಡಿಗೆ ಹಲಗೆ ಇಲ್ಲವೇ ದಪ್ಪ ರಟ್ಟು ಮುಚ್ಚಿ. ಬಟ್ಟೆ ಹಾಸಬೇಡಿ, ಚಕ್ಕಿಗೆ ಸಿಕ್ಕಿ ಸುತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಪುಡಿಯನ್ನು ಬ್ರಷ್ಷು, ವ್ಯಾಕ್ಯೂಮಿನಿಂದ ತೆಗೆದು, ಫೆಲ್ಟ್ ಒರೆಸಿ, ಆಮೇಲೆಯೇ ಸ್ಯಾಡಲ್ ಸರಿಸಿ.